ಹಿತ್ತಲಲ್ಲಿ ಕೂಗೋದು ಯಾರು? ಮೊದಲು ಕೇಳಿ, ಆಮೇಲೆ ಕ್ಯಾಮೆರಾ ತೆರೆಯಿರಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಎಷ್ಟೋ ಮನೆಗಳ ಹಿಂದಿನ ಬೇಲಿ ದಾಟಿದರೆ ಕಾಡು, ಇಲ್ಲಾಂದ್ರೆ ಕಾಡಂಚಿನ ಗದ್ದೆ. ಹಾಗಾಗಿ ನಮ್ಮ ಹಿತ್ತಲಲ್ಲಿ ಸದ್ದಿಗೆ ಬರ ಇಲ್ಲ. ಮಳೆಗಾಲದ ರಾತ್ರಿ ಕಪ್ಪೆ, ಬೇಸಿಗೆಯಲ್ಲಿ ಜೀರುಂಡೆ, ಬೆಳಗಾಗುತ್ತಲೇ ಕುಟುರ, ನಡುರಾತ್ರಿ ಮಾಡಿನ ಮೇಲೆ ಗೂಬೆ. ದಿನಾ ಕೇಳ್ತೇವೆ. ಆದರೆ ಊರಿಗೆ ಬಂದ ನೆಂಟರ ಮಗು “ಅದು ಯಾವುದು?” ಅಂತ ಕೇಳಿದರೆ “ಯಾವುದೋ ಹಕ್ಕಿ”, “ಏನೋ ಹುಳ” ಅಂದು ಸುಮ್ಮನಾಗ್ತೇವೆ.

ಕೃಷಿ ಲೇಖನದಲ್ಲಿ ಇದೆಲ್ಲ ಯಾಕೆ ಅಂತ ಅನ್ನಿಸಬಹುದು. ಭತ್ತದ ಗದ್ದೆಯ ಹುಳ ತಿನ್ನೋ ಕಪ್ಪೆ, ಇಲಿ ಹಿಡಿಯೋ ಗೂಬೆ, ಕಬ್ಬಿಗೆ ನುಗ್ಗೋ ಹಂದಿ ಎಲ್ಲವೂ ಕಣ್ಣಿಗೆ ಬೀಳೋ ಮುಂಚೆ ಕಿವಿಗೆ ಬೀಳ್ತವೆ. ಸದ್ದು ಯಾರದ್ದು ಅಂತ ಗೊತ್ತಾದರೆ ಯಾವ ಗುಂಡಿ ಹತ್ತಿರ ಔಷಧಿ ಪಂಪ್ ತೊಳೀಬಾರದು, ಯಾವ ಮರ ಕಡೀಬಾರದು, ಯಾವ ರಾತ್ರಿ ಹೊಲಕ್ಕೆ ಒಬ್ಬರೇ ಹೋಗಬಾರದು ಅನ್ನೋದೂ ಗೊತ್ತಾಗತ್ತೆ. ಅದಕ್ಕೆ ದೊಡ್ಡ ಕ್ಯಾಮೆರಾ ಬೇಕಿಲ್ಲ, ಜೇಬಲ್ಲಿರೋ ಫೋನ್ ಸಾಕು.

ಮೊದಲು ಸದ್ದನ್ನ ಹಿಡೀರಿ

ಸದ್ದು ಕೇಳಿದ ಕೂಡಲೇ ಟಾರ್ಚ್ ಹಾಕ್ಕೊಂಡು ಓಡೋದು ನಮ್ಮೆಲ್ಲರ ಅಭ್ಯಾಸ. ಓಡಿದರೆ ಅದು ಬಾಯಿ ಮುಚ್ಚತ್ತೆ, ನೀವು ಬರಿಗೈಲಿ ವಾಪಸ್ ಬರ್ತೀರಿ. ನಿಂತಲ್ಲೇ ನಿಂತು ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ. ಬಹಳಷ್ಟು ಫೋನ್‌ಗಳಲ್ಲಿ ಮುಖ್ಯ ಮೈಕ್ ಕೆಳಗಡೆ, ಚಾರ್ಜರ್ ಹಾಕೋ ತೂತಿನ ಪಕ್ಕದಲ್ಲಿ ಇರತ್ತೆ. ಆ ತುದಿಯನ್ನ ಸದ್ದಿನ ಕಡೆ ತಿರುಗಿಸಿ, ಬೆರಳು ಅಡ್ಡ ಬರದ ಹಾಗೆ ಹಿಡ್ಕೊಳ್ಳಿ. ಏರೋಪ್ಲೇನ್ ಮೋಡ್ ಹಾಕಿದರೆ ನಡುವೆ ಕರೆ ಬಂದು ಕೆಡೋದಿಲ್ಲ. ಒಂದು ನಿಮಿಷ ಸಾಕು. ಕೊನೆಗೆ ನಿಮ್ಮದೇ ದನಿಯಲ್ಲಿ ತಾರೀಖು, ಹೊತ್ತು, ಜಾಗ ಹೇಳಿ ನಿಲ್ಲಿಸಿ: “ಜೂನ್ 12, ರಾತ್ರಿ ಎಂಟು ಗಂಟೆ, ಮನೆ ಹಿಂದಿನ ಹೊಂಡ, ಸಣ್ಣ ಮಳೆ.” ಆರು ತಿಂಗಳ ಮೇಲೆ ಫೈಲ್ ತೆರೆದಾಗ ಈ ಒಂದು ಸಾಲಿನ ಬೆಲೆ ತಿಳಿಯತ್ತೆ. ಮಳೆಯಲ್ಲಿ ಕೊಡೆ ಹಿಡಿದು ರೆಕಾರ್ಡ್ ಮಾಡಿದರೆ ಕೊಡೆಯ ಪಟಪಟ ಮಾತ್ರ ಕೇಳತ್ತೆ, ಜಗಲಿಯ ಅಂಚಿನಲ್ಲಿ ನಿಲ್ಲಿ.

ಎಲ್ಲಿಂದ ಕೂಗ್ತಿದೆ ಅಂತ ಹುಡುಕೋಕೆ ಇಬ್ಬರಿದ್ದರೆ ಸುಲಭ. ಇಪ್ಪತ್ತು ಹೆಜ್ಜೆ ದೂರ ದೂರ ನಿಂತು, ಕಣ್ಣು ಮುಚ್ಚಿ ಕೇಳಿ, ಸದ್ದು ಬರೋ ಕಡೆ ಇಬ್ಬರೂ ಕೈ ತೋರಿಸಿ. ಎರಡು ಕೈಗಳ ಗೆರೆ ಎಲ್ಲಿ ಕೂಡತ್ತೋ ಅಲ್ಲೇ ಇದೆ ಆಸಾಮಿ. ಒಬ್ಬರೇ ಇದ್ದರೆ ಎರಡೂ ಅಂಗೈಯನ್ನ ಕಿವಿ ಹಿಂದೆ ಮೊರದ ಹಾಗೆ ಹಿಡಿದು ತಲೆಯನ್ನ ನಿಧಾನಕ್ಕೆ ತಿರುಗಿಸಿ.

ಆಮೇಲೆ ನಾಲ್ಕು ಹೆಜ್ಜೆ, ನಿಲ್ಲೋದು. ಮತ್ತೆ ನಾಲ್ಕು ಹೆಜ್ಜೆ, ನಿಲ್ಲೋದು. ಕೂಗು ನಿಂತಿತು ಅಂದರೆ ನೀವು ಅಗತ್ಯಕ್ಕಿಂತ ಹತ್ತಿರ ಹೋಗಿದ್ದೀರಿ ಅಂತ ಅರ್ಥ. ಅಲ್ಲೇ ಕೂತು, ದೀಪ ಆರಿಸಿ, ಎರಡು ಮೂರು ನಿಮಿಷ ಕಾಯಿರಿ. ಕಪ್ಪೆಯಾಗಲಿ ಚಿಮ್ಮಂಡೆಯಾಗಲಿ ಹೆಚ್ಚಿನ ಸಲ ಮತ್ತೆ ಶುರು ಮಾಡತ್ತೆ. ಶುರು ಮಾಡದಿದ್ದರೆ ಹಿಂದೆ ಸರೀರಿ. ಕಪ್ಪೆ, ಗೂಬೆ, ಮಂಗಟ್ಟೆ ಯಾವುದೇ ಇರಲಿ, ಎಲ್ಲಿಂದ ಫೋಟೋ ತೆಗೀಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಅಳತೆ ಇಲ್ಲ. ಅದು ತನ್ನ ಕೆಲಸ ಬಿಡದ ದೂರವೇ ಸರಿಯಾದ ದೂರ.

ಕಪ್ಪೆಯಿಂದ ಶುರು ಮಾಡಿ

ಹೊಸಬರಿಗೆ ಕಪ್ಪೆಯಷ್ಟು ಒಳ್ಳೆ ಗುರು ಇಲ್ಲ. ಹಕ್ಕಿ ಹಾರತ್ತೆ, ಜೀರುಂಡೆ ಮರದ ಮೇಲಿರತ್ತೆ, ಕಪ್ಪೆ ಮಾತ್ರ ಕೂತಲ್ಲೇ ಕೂತು ಕೂಗತ್ತೆ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಗದ್ದೆಯಲ್ಲಿ ನೀರು ನಿಂತ ರಾತ್ರಿ ಗೂಳಿಗಪ್ಪೆ ಗಂಟಲು ತೆರೆಯತ್ತೆ. 15 ಸೆಂ.ಮೀ.ವರೆಗೂ ಬೆಳೆಯೋ ಕಪ್ಪೆ ಇದು. ಉಳಿದ ದಿನ ಕೆಸರಿನ ಬಣ್ಣದಲ್ಲಿರೋ ಗಂಡು ಆ ಹೊತ್ತಿಗೆ ಲಿಂಬೆಹಣ್ಣಿನ ಹಳದಿ ಆಗಿರತ್ತೆ, ಗಂಟಲಿನ ಎರಡೂ ಕಡೆ ನೀಲಿ ಚೀಲ ಉಬ್ಬತ್ತೆ. ಈ ಬಣ್ಣ ಕೆಲವೇ ದಿನ, ಹಾಗಾಗಿ ಫೋಟೋ ಬೇಕಂದ್ರೆ ಮೊದಲ ಮಳೆಯ ರಾತ್ರಿಗೆ ಫೋನ್ ಚಾರ್ಜ್ ಮಾಡಿ ಇಟ್ಕೊಳ್ಳಿ.

ಬಾತ್‌ರೂಮಿನ ಗೋಡೆ, ನೀರಿನ ಟಾಕಿ ಹತ್ತಿರ ಕಟ್ಟಿಗೆ ಬಡಿದ ಹಾಗೆ ಟಕ್ ಟಕ್ ಟಕ್ ಅನ್ನೋದು ಮರಗಪ್ಪೆ. ಇದರ ಬೆರಳ ತುದಿಯಲ್ಲಿ ಬಿಲ್ಲೆಯಂಥ ಅಂಟು ಇರತ್ತೆ. ಟಾಕಿಯ ಒಳಗೋಡೆಯಲ್ಲಿ, ನೀರಿಗಿಂತ ಸ್ವಲ್ಪ ಮೇಲೆ ಬಿಳೀ ಸೋಪಿನ ನೊರೆ ಮೆತ್ತಿದ ಹಾಗೆ ಕಂಡರೆ ಕಸಬರಿಗೆಯಿಂದ ಕೆರೆದು ತೆಗೀಬೇಡಿ. ಅದರ ಮೊಟ್ಟೆ ಆ ನೊರೆಯ ಒಳಗಿದೆ. ಮರಿ ಆದ ಮೇಲೆ ಗೊದಮೊಟ್ಟೆ ಕೆಳಗಿನ ನೀರಿಗೆ ಬೀಳ್ತವೆ.

ಇನ್ನೊಂದು, ಕೇಳಿದವರೆಲ್ಲ ಮೋಸ ಹೋಗೋ ಸದ್ದು. ಅಂಗಳದ ತಗ್ಗಿನಲ್ಲಿ ನಿಂತ ನೀರಿನಿಂದ ಬಾಚಣಿಗೆಯ ಹಲ್ಲನ್ನ ಉಗುರಿನಿಂದ ಜೋರಾಗಿ ಎಳೆದ ಹಾಗೆ ಬರತ್ತೆ. ಅಷ್ಟು ಸದ್ದಿಗೆ ದೊಡ್ಡ ಕಪ್ಪೆಯನ್ನೇ ಹುಡುಕ್ತೀರಿ, ಸಿಗೋದು ಹೆಬ್ಬೆರಳ ತುದಿಯಷ್ಟಿರೋ ಮೈಕ್ರೋಹೈಲಾ. ಹುಲ್ಲಿನ ಬುಡದಲ್ಲಿ ಅಡಗಿರತ್ತೆ. ಕಾಲಿಡೋ ಮುಂಚೆ ನೆಲ ನೋಡಿ.

ಫೋಟೋಗೆ ಫೋನಿನ ಫ್ಲ್ಯಾಶ್ ಬೇಡ. ಎದುರಿನಿಂದ ಬೆಳಕು ಬಿದ್ದರೆ ಒದ್ದೆ ಮೈ ಹೊಳೆದು ಬಿಳಿ ಚುಕ್ಕೆ ಮಾತ್ರ ಉಳಿಯತ್ತೆ. ಜೊತೆಗಿದ್ದವರು ಟಾರ್ಚನ್ನ ಪಕ್ಕದಿಂದ ಹಿಡೀಲಿ, ಬೆಳಕು ಜಾಸ್ತಿ ಆದರೆ ಟಾರ್ಚಿನ ಮುಂದೆ ಬಿಳೀ ತೆಳು ಬಟ್ಟೆ ಕಟ್ಟಿ. ಪರದೆಯ ಮೇಲೆ ಕಪ್ಪೆಯ ಕಣ್ಣಿನ ಜಾಗವನ್ನ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲತ್ತೆ. ಪಕ್ಕದಲ್ಲಿ ಕಾಣೋ ಸೂರ್ಯನ ಗುರುತನ್ನ ಸ್ವಲ್ಪ ಕೆಳಗೆ ಎಳೆದರೆ ಬಣ್ಣ ಸರಿಯಾಗಿ ಬರತ್ತೆ. ಜೂಮ್ ಮಾಡೋ ಬದಲು ಇದ್ದ ಹಾಗೇ ತೆಗೆದು ಆಮೇಲೆ ಕತ್ತರಿಸ್ಕೊಳ್ಳಿ. ಮೇಲಿಂದ ಒಂದು, ಪಕ್ಕದಿಂದ ಒಂದು, ಹಿಂಗಾಲ ಬೆರಳು ಕಾಣೋ ಹಾಗೆ ಒಂದು ಫೋಟೋ ಇದ್ದರೆ ಬಲ್ಲವರು ಹೆಸರು ಹೇಳೋದು ಸುಲಭ. ಅಳತೆಗೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟು ಇನ್ನೊಂದು ತೆಗೀರಿ.

ಕೈಯಲ್ಲಿ ಹಿಡಿದು ಫೋಟೋ ತೆಗೀಲೇಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡತ್ತೆ. ಸಂಜೆ ಔಷಧಿ ಹೊಡೆದ ಕೈ, ಸೊಳ್ಳೆ ಮುಲಾಮು ಹಚ್ಚಿದ ಕೈ ಅದಕ್ಕೆ ವಿಷ.

ಇಲ್ಲೊಂದು ಮಾತು ಗದ್ದೆಗೆ ಸಂಬಂಧಿಸಿದ್ದು. ಕಪ್ಪೆಗಳಲ್ಲಿ ಹೆಚ್ಚಾಗಿ ಕೂಗೋದು ಗಂಡು, ಹೆಣ್ಣನ್ನ ಕರೆಯೋಕೆ. ಅಂದರೆ ಇವತ್ತು ರಾತ್ರಿ ಯಾವ ಹೊಂಡದಲ್ಲಿ ಗದ್ದಲ ಇದೆಯೋ, ಸ್ವಲ್ಪ ದಿನದಲ್ಲಿ ಅಲ್ಲೇ ಮೊಟ್ಟೆ, ಮುಂದಿನ ಕೆಲವು ವಾರ ಅಲ್ಲೇ ಗೊದಮೊಟ್ಟೆ. ಸಸಿಮಡಿಗೆ, ನಾಟಿಗೆ ನಾವು ಕಳೆನಾಶಕ, ಹರಳು ಔಷಧಿ ಹಾಕೋದೂ ಅದೇ ದಿನಗಳಲ್ಲಿ. ಪಂಪ್ ತೊಳೆದ ನೀರು ಆ ಹೊಂಡಕ್ಕೆ ಹೋದರೆ ಒಂದು ವರ್ಷದ ಕಪ್ಪೆ ಸಂತತಿ ಒಂದೇ ಮಧ್ಯಾಹ್ನ ಮುಗಿಯಬಹುದು. ಹೊಂಡ ಯಾವುದು ಅಂತ ನಿಮ್ಮ ರೆಕಾರ್ಡಿಂಗ್ ಹೇಳತ್ತೆ. ಅದರ ಸುತ್ತ ನಾಲ್ಕು ಮಾರು ಜಾಗಕ್ಕೆ ಔಷಧಿ ಬೀಳದ ಹಾಗೆ ನೋಡ್ಕೊಳ್ಳಿ. ಕಪ್ಪೆ ತಿನ್ನೋ ಹುಳದ ಲೆಕ್ಕ ಸರ್ಕಾರಕ್ಕೂ ಹೊಸದಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಕಾಲು ಹಡಗುಗಟ್ಟಲೆ ಹೊರದೇಶಕ್ಕೆ ಹೋಗ್ತಿತ್ತು. ಗದ್ದೆಗಳಲ್ಲಿ ಕಪ್ಪೆ ಕಮ್ಮಿ ಆಗಿ ಕೀಟ ಹೆಚ್ಚತ್ತೆ ಅನ್ನೋ ಕೂಗು ಎದ್ದ ಮೇಲೆ 1987ರಲ್ಲಿ ಆ ರಫ್ತು ನಿಂತಿತು. ಗೋವಾ ಗಡಿ ಹತ್ತಿರ ಇರೋ ಜೋಯಿಡಾದ ಹುಡುಗರಿಗೆ ಬೇರೆ ಹೇಳಬೇಕಿಲ್ಲ, ಮಳೆಗಾಲದಲ್ಲಿ ಗೂಳಿಗಪ್ಪೆ ಹಿಡಿಯೋದು, ಮಾರೋದು ಅಪರಾಧ.

ಹಿತ್ತಲ ಕಪ್ಪೆಯ ಫೋಟೋದಿಂದ ಏನಾಗತ್ತೆ ಅನ್ನೋರಿಗೆ ಎರಡು ಉದಾಹರಣೆ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಊರಿನ ಹೆಸರಲ್ಲೇ ಒಂದು ಇರುಳುಗಪ್ಪೆ ಇದೆ. ವಿಜ್ಞಾನಕ್ಕೆ ಅದು ಪರಿಚಯ ಆಗಿದ್ದು 2005ರಲ್ಲಿ. ನಮ್ಮದೇ ಜಿಲ್ಲೆಯ ಸಿದ್ದಾಪುರ ಕಡೆಯ ಕತ್ತಲೆಕಾನಿನ ತೊರೆಯಲ್ಲಿ ಸಿಕ್ಕ ಇನ್ನೊಂದು ಇರುಳುಗಪ್ಪೆಯ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು ತನ್ನ ಮೊಟ್ಟೆಗೆ ಮೆತ್ತತ್ತೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದಕ್ಕಿಟ್ಟ ಹೆಸರು ನಮ್ಮ ಕನ್ನಡದ್ದೇ: ಕುಂಬಾರ. ತಲೆತಲಾಂತರದಿಂದ ಅಲ್ಲೇ ಇದ್ದ ಕಪ್ಪೆಗೆ ಹೆಸರು ಬಂದು ಇನ್ನೂ ಬಹಳ ವರ್ಷ ಆಗಿಲ್ಲ.

ರಾತ್ರಿ ಹೊರಗೆ ಹೋಗೋರಿಗೆ

ಕಪ್ಪೆ ಇದ್ದಲ್ಲಿ ಹಾವು ಇರತ್ತೆ, ಇದು ಗಾದೆ ಅಲ್ಲ, ಲೆಕ್ಕ. ಗಮ್‌ಬೂಟ್ ಇಲ್ಲದೆ ಹುಲ್ಲಿಗೆ ಇಳೀಬೇಡಿ. ಫೋನಿನ ಪರದೆ ನೋಡ್ತಾ ನಡೀಬೇಡಿ, ಬಗ್ಗಿ ಕೂರೋ ಜಾಗವನ್ನ ಟಾರ್ಚಿನಲ್ಲಿ ಒಮ್ಮೆ ಸುತ್ತ ನೋಡಿ. ನಿಮ್ಮ ಹಿತ್ತಲು, ನಿಮ್ಮ ಗದ್ದೆ ಅಷ್ಟೇ. ಅನುಮತಿ ಇಲ್ಲದೆ ಅರಣ್ಯಕ್ಕೆ, ಅದರಲ್ಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ನುಗ್ಗಿದರೆ ಪ್ರಕರಣ ಬೀಳತ್ತೆ.

ಕೆಲವು ಸದ್ದಿನ ಹಿಂದೆ ಹೋಗಲೇಬಾರದು. ನಾಯಿ ಬೊಗಳಿದ ಹಾಗೇ ಕೇಳಿಸ್ತಾ, ಆದರೆ ಕಾಡಿನ ಕಡೆಯಿಂದ ಒಂದೊಂದೇ ಬೊಗಳು ಬಿಟ್ಟು ಬಿಟ್ಟು ಬರ್ತಿದ್ದರೆ ಅದು ಕಾಡುಕುರಿ ಇರಬಹುದು. ಅದು ಹಾಗೆ ಕೂಗೋದು ಹೆಚ್ಚಾಗಿ ಭಯಕ್ಕೆ. ಮುಸುವಗಳು ಮರದ ತುದಿಯಲ್ಲಿ ಒರಟಾಗಿ ಕೆಮ್ಮಿದ ಹಾಗೆ ಒಂದೇ ಸಮ ಕೂಗಿದರೂ ಅಷ್ಟೇ, ಕೆಳಗೆ ಚಿರತೆಯೋ ಹುಲಿಯೋ ಇರಬಹುದು. ಭತ್ತ ಬಲಿಯೋ ಹೊತ್ತಿಗೆ ಹಳಿಯಾಳ, ಮುಂಡಗೋಡ ಕಡೆ ಆನೆ ಬರೋದು ಎಲ್ಲರಿಗೂ ಗೊತ್ತು. ಬಿದಿರು ಮುರಿಯೋ ಸದ್ದು ಕೇಳಿದರೆ ರೀಲ್ಸ್ ಮಾಡೋ ಆಸೆ ಬಿಟ್ಟು ಮನೆಯೊಳಗೆ ಹೋಗಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬೆಳಗಾದ ಮೇಲೆ ಹೆಜ್ಜೆ ಗುರುತಿನ ಪಕ್ಕ ಅಳತೆಗೆ ನಿಮ್ಮ ಚಪ್ಪಲಿ ಇಟ್ಟು, ಹಾಳಾದ ಬೆಳೆಯನ್ನ ದೂರದಿಂದ, ಹತ್ತಿರದಿಂದ ಫೋಟೋ ತೆಗೆದರೆ ಪರಿಹಾರದ ಅರ್ಜಿಗೂ ಆಧಾರ ಆಗತ್ತೆ. ಲೊಕೇಶನ್ ಆನ್ ಇರಲಿ.

ಗೂಬೆ ಕೂಗಿದರೆ

“ಏ ತಮ್ಮಾ, ಆ ಗೂಬಿ ಓಡ್ಸೋ, ಮನೀಗೆ ಛಲೋ ಅಲ್ಲ” ಅಂತ ಅಜ್ಜಿ ಹೇಳದ ಮನೆ ಹಳಿಯಾಳ ಸೀಮೆಯಲ್ಲಿ ಕಮ್ಮಿ. ಅಜ್ಜಿ ಜೊತೆ ವಾದ ಬೇಡ. ಫೋನಿನಲ್ಲಿ ತೋರಿಸಿ.

ಹಳೇ ಮನೆಯ ಅಟ್ಟ, ಪಾಳು ಗೋದಾಮಿನಲ್ಲಿ ಇರೋದು ಕಣಜ ಗೂಬೆ. ಹೃದಯದ ಆಕಾರದ ಬಿಳೀ ಮುಖ. ಇದು ‘ಗೂ’ ಅನ್ನೋದಿಲ್ಲ, ಕಿರುಚತ್ತೆ. ಮಾಡಿನೊಳಗೆ ಹಾವು ಬುಸುಗುಟ್ಟಿದ ಹಾಗೆ ಕೇಳಿ ಉರಗ ಹಿಡಿಯೋರನ್ನ ಕರೆಸೋ ಮುಂಚೆ ಒಂದು ಯೋಚನೆ ಮಾಡಿ, ಇದರ ಮರಿಗಳೂ ಹಾಗೇ ಬುಸುಗುಟ್ತವೆ. ಸಂಜೆ ಜೋಡಿಯಾಗಿ ಕಿಚಪಿಚ ಜಗಳ ಆಡೋ ಸಣ್ಣ ಗೂಬೆ ಹಾಲಕ್ಕಿ.

ಗೂಬೆಯ ಫೋಟೋಗೆ ಟಾರ್ಚ್ ಹಾಕೋ ಬದಲು ಹಗಲಲ್ಲಿ ಅದು ಕೂರೋ ಜಾಗದ ಕೆಳಗೆ ನೋಡಿ. ತಿಂದ ಇಲಿಯ ಎಲುಬು, ಕೂದಲು ಜೀರ್ಣ ಆಗದೆ ಉಂಡೆಯಾಗಿ ಬಾಯಿಂದ ಹೊರಗೆ ಬರತ್ತೆ. ಅಂಥ ಒಣಗಿದ ಉಂಡೆಯನ್ನ ಕಡ್ಡಿಯಿಂದ ಬಿಡಿಸಿ, ಬಿಳೀ ಕಾಗದದ ಮೇಲೆ ತಲೆಬುರುಡೆಗಳನ್ನ ಸಾಲಾಗಿ ಇಟ್ಟು ಒಂದು ಫೋಟೋ ತೆಗೀರಿ. ನನ್ನ ಪ್ರಕಾರ ಗೂಬೆಯ ಎಲ್ಲಕ್ಕಿಂತ ಒಳ್ಳೆ ಫೋಟೋ ಇದೇ. ಕಣಜದ ಭತ್ತ ಉಳಿಸಿದವರು ಯಾರು ಅಂತ ಅಜ್ಜಿಗೂ ಕಾಣತ್ತೆ. ಆ ಫೋಟೋ ತೆಗೆದ ಮೇಲೆ ಇಲಿ ಪಾಷಾಣ ಇಡೋ ಮುಂಚೆ ನಾಲ್ಕು ಸಲ ಯೋಚಿಸ್ತೀರಿ. ಬ್ರೊಮಾಡಿಯೋಲೋನ್‌ನಂಥ ಔಷಧಿ ತಿಂದ ಇಲಿ ಕೂಡಲೇ ಸಾಯೋದಿಲ್ಲ, ತೂಕಡಿಸ್ತಾ ಓಡಾಡತ್ತೆ, ಗೂಬೆಗೆ ಸುಲಭವಾಗಿ ಸಿಗತ್ತೆ, ಗೂಬೆಯೂ ಸಾಯಬಹುದು. ಗದ್ದೆಯಲ್ಲಿ ಇಂಗ್ಲಿಷ್ ಟೀ ಅಕ್ಷರದ ಆಕಾರದ ಕೋಲು ನೆಟ್ಟರೆ ರಾತ್ರಿ ಗೂಬೆ ಕೂತು ಇಲಿ ಹಿಡಿಯತ್ತೆ. ತೆನೆ ಹಾಲು ತುಂಬೋ ಹೊತ್ತಿಗೆ ಕೋಲು ಕಿತ್ತುಬಿಡಿ, ಇಲ್ಲಾಂದ್ರೆ ಕಾಳು ತಿನ್ನೋ ಹಕ್ಕಿ ಕೂರ್ತವೆ.

ಗೂಬೆಯ ಗೂಡು ಎಲ್ಲಿದೆ ಅಂತ ಮಾತ್ರ ಸ್ಟೇಟಸ್ ಹಾಕಬೇಡಿ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಅಂತ ಗೂಬೆ ಹಿಡಿದು ಮಾರೋ ಜಾಲ ದೇಶದಲ್ಲಿ ಇದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಲೊಕೇಶನ್ ಮಾಹಿತಿ ಅಳಿದುಹೋಗತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಲೊಕೇಶನ್ ಸಮೇತ ಹೋಗತ್ತೆ. ಈ ವ್ಯತ್ಯಾಸ ನೆನಪಿರಲಿ.

ಬೆಳಗಿನ ಹಕ್ಕಿಗಳು, ಮಂಗಟ್ಟೆ

ಹಕ್ಕಿ ಕೂಗಿಗೆ ಮರ್ಲಿನ್ ಅನ್ನೋ ಆ್ಯಪ್ ಇದೆ, ಉಚಿತ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ್ದು. ಪೇಟೆಗೆ ಹೋದಾಗ ಭಾರತದ ಹಕ್ಕಿಗಳ ಪ್ಯಾಕ್ ಇಳಿಸ್ಕೊಂಡರೆ ಜೋಯಿಡಾದ ನೆಟ್‌ವರ್ಕ್ ಇಲ್ಲದ ಊರಲ್ಲೂ ಕೂಗು ಕೇಳಿ ಹೆಸರು ಹೇಳತ್ತೆ. ಟುಕ್ ಟುಕ್ ಅಂತ ಕಂಚುಗಾರ ಬಡಿದ ಹಾಗೆ ಕೂಗೋ ಕಂಚುಕುಟಿಗ, ಕುಟ್ರೂ ಕುಟ್ರೂ ಅನ್ನೋ ಕುಟುರ ಇವನ್ನೆಲ್ಲ ಬೇಗ ಹಿಡಿಯತ್ತೆ. ಆದರೆ ಅದರ ಮಾತನ್ನ ವೇದವಾಕ್ಯ ಅಂತ ನಂಬಬೇಡಿ. ನಮ್ಮ ಭೀಮರಾಜ ಬೇರೆ ಹಕ್ಕಿಗಳ ದನಿ ಅಣಕಿಸೋದರಲ್ಲಿ ಎತ್ತಿದ ಕೈ. ಆ್ಯಪ್ ನಾಲ್ಕು ಹಕ್ಕಿ ಅಂತ ತೋರಿಸಿದಾಗ ಮರದಲ್ಲಿ ಇರೋದು ಅವನೊಬ್ಬನೇ ಆಗಿರಬಹುದು. ಕಣ್ಣಾರೆ ಕಂಡ ಮೇಲೇ ಹೆಸರು ಬರೀರಿ.

ದಾಂಡೇಲಿ ಸುತ್ತ ನಾಲ್ಕು ಜಾತಿ ಮಂಗಟ್ಟೆ ಇವೆ. ಅವುಗಳಿಗಾಗಿಯೇ 2011ರಲ್ಲಿ ಕಾಳಿ ನದಿಯ ದಂಡೆಯಲ್ಲಿ 52 ಚದರ ಕಿ.ಮೀ.ಗೂ ಹೆಚ್ಚು ಜಾಗವನ್ನ ಮಂಗಟ್ಟೆ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಮನೆ ಪಕ್ಕದ ಅತ್ತಿ, ಬಸರಿ, ಗೋಳಿ ಹಣ್ಣಾದಾಗ ಇವು ತಾವಾಗೇ ಬರ್ತವೆ. ಕಪ್ಪು ಬಿಳುಪು ಮೈಯ ಮಲಬಾರ್ ಮಂಗಟ್ಟೆ ಕಾಸರಕದ ಹಣ್ಣನ್ನೂ ಬಿಡೋದಿಲ್ಲ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯ ಸದ್ದೇ ಉಗಿಬಂಡಿ ಹೋದ ಹಾಗೆ ಕೇಳತ್ತೆ. ಯಾರೋ ಗಹಗಹಿಸಿ ನಕ್ಕ ಹಾಗೆ ಕೇಳಿದರೆ ಅದು ತಲೆಯ ಮೇಲೆ ಕೊಂಬಿನ ಟೋಪಿ ಇಲ್ಲದ ಬೂದು ಮಂಗಟ್ಟೆ. ಆಕಾಶಕ್ಕೆ ಎದುರಾಗಿ ಫೋಟೋ ತೆಗೆದರೆ ಹಕ್ಕಿ ಕಪ್ಪು ಬೊಂಬೆ ಆಗತ್ತೆ. ಇಲ್ಲಿ ಸೂರ್ಯನ ಗುರುತನ್ನ ಮೇಲಕ್ಕೆ ಎಳೀರಿ. ದೂರದ ಹಕ್ಕಿಗೆ ದುರ್ಬೀನಿನ ಕಣ್ಣಿಡೋ ಜಾಗಕ್ಕೆ ಫೋನಿನ ಕ್ಯಾಮೆರಾ ಸರಿಯಾಗಿ ಹಿಡಿದರೆ ಗುರುತು ಸಿಗೋಷ್ಟು ಚಿತ್ರ ಬರತ್ತೆ.

ಹಣ್ಣಿನ ಮರದಲ್ಲಿ ಎಷ್ಟು ಬೇಕಾದರೂ ತೆಗೀರಿ. ಗೂಡಿನ ಮರದ ಹತ್ತಿರ ಬೇಡ. ಬೇಸಿಗೆ ಶುರುವಾಗೋ ಹೊತ್ತಿಗೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿ ಮುಚ್ಕೊಳ್ಳತ್ತೆ, ಕೊಕ್ಕು ತೂರೋಷ್ಟು ಸೀಳು ಮಾತ್ರ ಬಿಟ್ಟಿರತ್ತೆ. ವಾರಗಟ್ಟಲೆ ಅದಕ್ಕೂ ಮರಿಗೂ ಅನ್ನ ಅಂದರೆ ಹೊರಗಿನ ಗಂಡು ತಂದುಕೊಟ್ಟಿದ್ದೇ. ಕೆಳಗೆ ಜನ ನಿಂತಿದ್ದರೆ ಗಂಡು ಗೂಡಿಗೆ ಬಾರದೆ ಹಣ್ಣು ಬಾಯಲ್ಲಿ ಇಟ್ಕೊಂಡೇ ಪಕ್ಕದ ಮರದಲ್ಲಿ ಕೂತಿರತ್ತೆ. ನೀವು ಒಂದು ಗಂಟೆ ನಿಂತರೆ ಒಳಗಿನವರಿಗೆ ಒಂದು ಗಂಟೆ ಉಪವಾಸ. ದಿನಕ್ಕೆ ಹತ್ತು ಜನ ಬಂದರೆ? ದಾಂಡೇಲಿ ಕಡೆ ಪ್ರವಾಸಿಗರು ಹೆಚ್ಚಿರೋದರಿಂದ ಈ ಲೆಕ್ಕ ಬಹಳ ಮುಖ್ಯ. ನಿಮ್ಮ ಜಮೀನಿನಲ್ಲಿ ಗೂಡಿನ ಮರ ಇದ್ದರೆ “ತೋರಿಸು, ದುಡ್ಡು ಕೊಡ್ತೇನೆ” ಅನ್ನೋರು ಸಿಗಬಹುದು. ಆ ದುಡ್ಡು ಬೇಡ. ಹಕ್ಕಿ ಕೂಗನ್ನ ಸ್ಪೀಕರ್‌ನಲ್ಲಿ ಹಾಕಿ ಕರೆಯೋದೂ ಬೇಡ. ತನ್ನ ಜಾಗಕ್ಕೆ ವೈರಿ ಬಂದ ಅಂತ ಅದು ಮರಿ ಬಿಟ್ಟು ಓಡಾಡತ್ತೆ. ಹಕ್ಕಿ ಫೋಟೋ ಕೈ ಪಳಗಿಸ್ಕೊಳ್ಳೋಕೆ ಮುಂಡಗೋಡದವರಿಗೆ ಅತ್ತಿವೇರಿ ಪಕ್ಷಿಧಾಮ ಪಕ್ಕದಲ್ಲೇ ಇದೆ.

ಹೆಸರು ಗೊತ್ತಾಗದ ಫೋಟೋ, ರೆಕಾರ್ಡಿಂಗ್ ಎರಡನ್ನೂ ಐನ್ಯಾಚುರಲಿಸ್ಟ್‌ನಲ್ಲಿ ಹಾಕಬಹುದು, ಬಲ್ಲವರು ನೋಡಿ ಹೇಳ್ತಾರೆ. ಹಾಕುವಾಗ ಜಾಗ ಮಸುಕು ಮಾಡೋ ಆಯ್ಕೆ ಒತ್ತಿ. ಆಗ ಬೇರೆಯವರಿಗೆ ಸುಮಾರು 20 ಕಿ.ಮೀ. ಚೌಕದೊಳಗೆ ಎಲ್ಲೋ ಅಂತ ಮಾತ್ರ ಕಾಣತ್ತೆ, ನಿಮ್ಮ ಹಿತ್ತಲು ಕಾಣೋದಿಲ್ಲ.

ಈ ವಾರ ಮಾಡಬೇಕಾದ್ದು ಇಷ್ಟು. ಹಿತ್ತಲಲ್ಲಿ ಒಂದು ಜಾಗ ಗೊತ್ತು ಮಾಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ರಾತ್ರಿ ಏಳೂವರೆ ಅಂದರೆ ಏಳೂವರೆಗೇ, ಅಲ್ಲೇ ನಿಂತು ಒಂದು ನಿಮಿಷ ರೆಕಾರ್ಡ್ ಮಾಡಿ. ಫೈಲಿಗೆ ತಾರೀಖಿನ ಹೆಸರಿಡಿ. ಮಳೆ ಬಂದಿತ್ತಾ, ಗದ್ದೆಗೆ ಏನು ಹೊಡೆದಿರಿ ಅನ್ನೋದನ್ನ ಪಕ್ಕದಲ್ಲಿ ಬರೆದಿಡಿ. ಔಷಧಿ ಹೊಡೆಯೋ ಮುಂಚಿನ ವಾರದ್ದು, ಹೊಡೆದ ಮುಂದಿನ ವಾರದ್ದು ಎರಡನ್ನೂ ಇಯರ್‌ಫೋನ್ ಹಾಕ್ಕೊಂಡು ಒಂದರ ಮೇಲೊಂದು ಕೇಳಿ.